ಮಾನಿಟರ್ ತಂತಿಯೊಳಗಿನ ಪಯಣ: ಡಿಜಿಟಲ್‌ನಿಂದ ಅನಲಾಗ್‌ಗೆ, ಮತ್ತೆ ಡಿಜಿಟಲ್‌ಗೆ

ಅನಲಾಗ್ ಹಳೆಯದು, ಡಿಜಿಟಲ್ ಹೊಸದು ಎಂದು ಬಹಳ ಮಂದಿ ನಂಬಿದ್ದಾರೆ. ಕಂಪ್ಯೂಟರ್ ಮಾನಿಟರ್‌ಗಳ ವಿಷಯದಲ್ಲಿ ನಡೆದದ್ದೇ ಬೇರೆ. 1981ರಲ್ಲಿ ಐಬಿಎಂ ಪಿಸಿಗೆಂದು ಬಂದ, ಮಾನಿಟರ್‌ಗೆ ಚಿತ್ರ ಕಳಿಸುವ ಸಿಜಿಎ ಕಾರ್ಡ್ ಬಣ್ಣವನ್ನು ಡಿಜಿಟಲ್ ಆಗಿಯೇ ಕಳಿಸುತ್ತಿತ್ತು. ಕೆಂಪು, ಹಸಿರು, ನೀಲಿಗೆ ಒಂದೊಂದು ತಂತಿ, ಪ್ರಖರತೆಗೆ ಇನ್ನೊಂದು. ಪ್ರತಿ ತಂತಿಯಲ್ಲೂ ವೋಲ್ಟೇಜ್ ಇದೆ ಅಥವಾ ಇಲ್ಲ, ಅಷ್ಟೇ. ಹಾಗಾಗಿ ಒಟ್ಟು 16 ಬಣ್ಣ. 1984ರ ಇಜಿಎ ಕಾರ್ಡ್ ಬಣ್ಣದ ತಂತಿಗಳನ್ನು ಆರಕ್ಕೇರಿಸಿ, 64 ಬಣ್ಣಗಳಲ್ಲಿ ಒಮ್ಮೆಗೆ 16ನ್ನು ಆರಿಸಿಕೊಳ್ಳುವ ಅವಕಾಶ ಕೊಟ್ಟಿತು. ಬಣ್ಣ ಹೆಚ್ಚಬೇಕೆಂದರೆ ತಂತಿಯೂ ಹೆಚ್ಚಬೇಕು. ಈ ದಾರಿ ಬಹುದೂರ ಹೋಗುವಂತಿರಲಿಲ್ಲ.

1987ರಲ್ಲಿ ಐಬಿಎಂ ತನ್ನ ಪಿಎಸ್/2 ಕಂಪ್ಯೂಟರ್‌ಗಳೊಂದಿಗೆ ವಿಜಿಎ ಎಂಬ ಹೊಸ ಮಾನಿಟರ್ ಜೋಡಣೆ ತಂದಾಗ ಈ ತೊಡಕು ಬಿಡಿಸಿತು. ಮೂರು ಸಾಲಿನ 15 ಪಿನ್‌ಗಳಲ್ಲಿ ಬಣ್ಣಕ್ಕೆ ಮೂರೇ ತಂತಿ. ಪ್ರತಿಯೊಂದರಲ್ಲೂ 0ಯಿಂದ 0.7 ವೋಲ್ಟ್‌ವರೆಗೆ ಎಷ್ಟು ಬೇಕಾದರೂ ಏರಿಳಿತ; ಇದೇ ಅನಲಾಗ್. ಅಂದಿನ ಗಾಜಿನ ಕೊಳವೆಯ ಸಿಆರ್‌ಟಿ ಮಾನಿಟರ್‌ಗೆ ಇದು ಹೇಳಿ ಮಾಡಿಸಿದ ಜೋಡಿ. ವೋಲ್ಟೇಜ್ ಏರಿದರೆ ಎಲೆಕ್ಟ್ರಾನ್ ಕಿರಣ ಬಲವಾಗುತ್ತದೆ, ತೆರೆ ಬೆಳಗುತ್ತದೆ. ನಡುವೆ ಸಂಖ್ಯೆಗೆ ಕೆಲಸವೇ ಇಲ್ಲ. ವಿಜಿಎಯನ್ನು ಕಳಪೆ ಎನ್ನುವವರು ಇದನ್ನು ಮರೆಯಬಾರದು: ತಾನು ಹುಟ್ಟಿದ ತೆರೆಗೆ ಅದು ಸರಿಯಾದ ಉತ್ತರವಾಗಿತ್ತು.

ತೊಂದರೆ ತಂದದ್ದು ಎಲ್‌ಸಿಡಿ. ಅದರ ತೆರೆ ಎಣಿಸಿಟ್ಟ ಚುಕ್ಕೆಗಳ ಜಾಲ. ಕಂಪ್ಯೂಟರ್ ತನ್ನ ಸಂಖ್ಯೆಗಳನ್ನು ವೋಲ್ಟೇಜ್ ಮಾಡಿ ಕಳಿಸುತ್ತದೆ, ಮಾನಿಟರ್ ಅದನ್ನು ಅಳೆದು ಮತ್ತೆ ಸಂಖ್ಯೆ ಮಾಡಿಕೊಳ್ಳುತ್ತದೆ. ಆದರೆ ಒಂದು ಚುಕ್ಕೆ ಎಲ್ಲಿ ಮುಗಿಯಿತು, ಮುಂದಿನದು ಎಲ್ಲಿ ಶುರುವಾಯಿತು ಎಂದು ಹೇಳುವ ತಂತಿ ವಿಜಿಎಯಲ್ಲಿಲ್ಲ; ಒಂದು ಸಾಲು ಅಥವಾ ಒಂದು ಚಿತ್ರ ಶುರುವಾಯಿತು ಎಂಬ ಸೂಚನೆ ಮಾತ್ರ ಸಿಗುತ್ತದೆ. 1920×1080ರ ಚಿತ್ರವನ್ನೇ ನೋಡಿ. ಕಾಣದ ಅಂಚುಗಳೂ ಸೇರಿ ಸಾಲಿಗೆ 2200 ಚುಕ್ಕೆ, ಚಿತ್ರಕ್ಕೆ 1125 ಸಾಲು, ಸೆಕೆಂಡಿಗೆ 60 ಚಿತ್ರ. ಗುಣಿಸಿದರೆ 148.5 ಮೆಗಾಹರ್ಟ್ಸ್; ಒಂದು ಚುಕ್ಕೆಗೆ ಸಿಗುವ ಸಮಯ 6.7 ನ್ಯಾನೊಸೆಕೆಂಡ್. ಮಾನಿಟರ್ ಪ್ರತಿ ಸಾಲನ್ನೂ ತಾನೇ 2200 ಪಾಲು ಮಾಡಿ, ಪ್ರತಿ ಪಾಲಿನ ನಡುಭಾಗದಲ್ಲೇ ಅಳೆಯಬೇಕು. ಅಂಚಿನಲ್ಲಿ ಅಳೆದರೆ ಅಕ್ಷರಗಳು ಮಸುಕಾಗಿ ನಡುಗುತ್ತವೆ.

ಈಗಲೂ ವಿಜಿಎ ಬಳಸಲೇಬೇಕಾದವರು ಮೊದಲು ಮಾನಿಟರ್‌ನ ಮೂಲ ರೆಸಲ್ಯೂಷನ್ ಹಾಕಬೇಕು. ಆಮೇಲೆ ಒಂದು ಚುಕ್ಕೆ ಕಪ್ಪು, ಒಂದು ಚುಕ್ಕೆ ಬಿಳಿಯಂತೆ ಲಂಬ ಗೆರೆಗಳಿರುವ ಚಿತ್ರವನ್ನು ತೆರೆ ತುಂಬ ತೋರಿಸಿ ಆಟೋ ಅಡ್ಜಸ್ಟ್ ಒತ್ತಬೇಕು. ಕಪ್ಪು ಹಿನ್ನೆಲೆಯಿದ್ದರೆ ಮಾನಿಟರ್‌ಗೆ ಚಿತ್ರದ ಅಂಚೇ ಸಿಗದು, ಹೊಂದಾಣಿಕೆ ತಪ್ಪುತ್ತದೆ. ಅಗಲವಾದ ಮಬ್ಬು ಪಟ್ಟೆಗಳು ಉಳಿದಿದ್ದರೆ ಮೆನುವಿನಲ್ಲಿ ಕ್ಲಾಕ್ (ಸಾಲನ್ನು ಎಷ್ಟು ಪಾಲು ಮಾಡಬೇಕೆಂಬ ಎಣಿಕೆ) ಬದಲಿಸಿ. ಮೂರು ಪಟ್ಟೆ ಕಂಡರೆ ಸಾಲಿನ ಎಣಿಕೆ ಸುಮಾರು ಮೂರರಷ್ಟು ತಪ್ಪಿದೆ ಎಂದರ್ಥ. ಪಟ್ಟೆಗಳು ಹೋದ ಮೇಲೆ ಫೇಸ್ (ಪಾಲಿನ ಯಾವ ಜಾಗದಲ್ಲಿ ಅಳೆಯಬೇಕೆಂಬುದು) ತಿರುಗಿಸಿ, ಗೆರೆಗಳು ಅತಿ ಚೂಪಾಗಿ ಕಾಣುವಲ್ಲಿ ನಿಲ್ಲಿಸಿ. ಈ ಕ್ರಮ ತಿರುವುಮುರುವಾಗಬಾರದು.

ಅಕ್ಷರದ ಬಲಕ್ಕೆ ತೆಳುವಾದ ನೆರಳು ಕಂಡರೆ ಮೆನುವಿನಲ್ಲಿ ಮದ್ದಿಲ್ಲ. ಕೇಬಲ್‌ನ ವಿದ್ಯುತ್ ತಡೆ (ಇಂಪೀಡೆನ್ಸ್) ವಿಜಿಎಯ 75 ಓಮ್‌ಗೆ ಹೊಂದದಿದ್ದಾಗ ಸಿಗ್ನಲ್‌ನ ಒಂದು ಪಾಲು ತುದಿಯಿಂದ ಹಿಂದಕ್ಕೆ ಪುಟಿದು ಮತ್ತೆ ಬರುತ್ತದೆ. ಮೀಟರಿಗೆ ಸುಮಾರು 5 ನ್ಯಾನೊಸೆಕೆಂಡ್‌ನಂತೆ 2 ಮೀಟರ್ ಕೇಬಲ್‌ನಲ್ಲಿ ಹೋಗಿ ಬರಲು 20 ನ್ಯಾನೊಸೆಕೆಂಡ್, ಅಂದರೆ ಮೂರು ಚುಕ್ಕೆಯಷ್ಟು ಬಲಕ್ಕೆ ನೆರಳು. ಗಿಡ್ಡ, ಒಳ್ಳೆಯ ಕೇಬಲ್ ಹಾಕುವುದೊಂದೇ ದಾರಿ. ತೆರೆಯೆಲ್ಲ ಹಳದಿಗೆ ತಿರುಗಿದರೆ ನೀಲಿಯ 3ನೇ ಪಿನ್ ನೋಡಿ, ಬಾಗಿರಬಹುದು. ಮಾನಿಟರ್‌ನ ಮೂಲ ರೆಸಲ್ಯೂಷನ್ ಪಟ್ಟಿಯಲ್ಲೇ ಕಾಣದಿದ್ದರೆ 12 ಮತ್ತು 15ನೇ ಪಿನ್‌ಗಳನ್ನು ಅನುಮಾನಿಸಿ. ಮಾನಿಟರ್ ತನ್ನ ಪರಿಚಯ ಹೇಳಿಕೊಳ್ಳುವುದು ಅವುಗಳ ಮೂಲಕ.

1999ರಲ್ಲಿ ಬಂದ ಡಿಜಿಟಲ್ ಜೋಡಣೆ ಡಿವಿಐ ಈ ಊಹೆಯ ಆಟವನ್ನೇ ಮುಗಿಸಿತು. ಸಂಖ್ಯೆಗಳು ಸಂಖ್ಯೆಗಳಾಗಿಯೇ ಬಂದವು, ತಾಳ ಹಾಕುವ ಕ್ಲಾಕ್‌ಗೂ ಪ್ರತ್ಯೇಕ ಜೋಡಿ ತಂತಿ ಸಿಕ್ಕಿತು. ಸಿಂಗಲ್ ಲಿಂಕ್‌ನ (ದತ್ತಾಂಶಕ್ಕೆ ಒಂದೇ ಗುಂಪು ತಂತಿ) ಮಿತಿ 165 ಮೆಗಾಹರ್ಟ್ಸ್, ಎಂದರೆ 60 ಹರ್ಟ್ಸ್‌ನಲ್ಲಿ 1920×1200. ಅಂಥ ಎರಡು ಗುಂಪಿರುವ ಡ್ಯುಯಲ್ ಲಿಂಕ್‌ನಲ್ಲಿ 2560×1600. 2002ರ ಎಚ್‌ಡಿಎಂಐ ಅದೇ ಸಿಗ್ನಲ್‌ಗೆ ಧ್ವನಿ ಸೇರಿಸಿತು. ಹಾಗಾಗಿ ಡಿವಿಐನಿಂದ ಎಚ್‌ಡಿಎಂಐಗೆ ಬರೀ ತಂತಿ ಜೋಡಣೆಯ ಅಡಾಪ್ಟರ್ ಸಾಕು. 2006ರ ಡಿಸ್‌ಪ್ಲೇಪೋರ್ಟ್ ದತ್ತಾಂಶವನ್ನು ಪ್ಯಾಕೆಟ್‌ಗಳಾಗಿ, ಅಂದರೆ ಸಣ್ಣ ಕಟ್ಟುಗಳಾಗಿ ಕಳಿಸುವ ಬೇರೆಯೇ ಬಗೆ. 2010ರ ಡಿಸೆಂಬರ್‌ನಲ್ಲಿ ಇಂಟೆಲ್, ಎಎಂಡಿ, ಡೆಲ್, ಲೆನೊವೊ ಮುಂತಾದ ಕಂಪನಿಗಳು 2015ರೊಳಗೆ ವಿಜಿಎ ಕೈಬಿಡುವುದಾಗಿ ಸಾರಿದವು.

ಜನ ಹೆಚ್ಚು ಎಡವುವುದು ಅಡಾಪ್ಟರ್‌ನಲ್ಲಿ. ಡಿವಿಐ ಸಾಕೆಟ್‌ನ ಚಪ್ಪಟೆ ಸೀಳಿನ ಸುತ್ತ ನಾಲ್ಕು ತೂತುಗಳಿದ್ದರೆ ಅದು ಡಿವಿಐ-ಐ, ಅನಲಾಗ್ ಕೂಡ ಒಳಗಿದೆ. ಅಗ್ಗದ ವಿಜಿಎ ಅಡಾಪ್ಟರ್ ಅಲ್ಲಿ ಕೆಲಸ ಮಾಡುತ್ತದೆ. ತೂತುಗಳಿಲ್ಲದ ಡಿವಿಐ-ಡಿಯಲ್ಲೂ, ಎಚ್‌ಡಿಎಂಐಯಲ್ಲೂ ಮಾಡದು. ಅವುಗಳಿಂದ ವಿಜಿಎಗೆ ಹೋಗಲು ಒಳಗೆ ಚಿಪ್ ಇರುವ ಪರಿವರ್ತಕವೇ ಬೇಕು. ದಿಕ್ಕೂ ಮುಖ್ಯ: ಎಚ್‌ಡಿಎಂಐ ಕಂಪ್ಯೂಟರನ್ನು ವಿಜಿಎ ಮಾನಿಟರ್‌ಗೆ ಸೇರಿಸುವ ಪರಿವರ್ತಕ ತಿರುಗಿಸಿ ಹಾಕಿದರೆ ಕೆಲಸ ಮಾಡುವುದಿಲ್ಲ.

ಡಿಜಿಟಲ್ ಕೇಬಲ್ ಕೆಟ್ಟಾಗ ಅಕ್ಷರ ಮಸುಕಾಗುವುದಿಲ್ಲ. ಅಲ್ಲಲ್ಲಿ ಚುಕ್ಕೆಗಳು ಮಿನುಗುತ್ತವೆ, ಆಮೇಲೆ ತೆರೆ ಒಮ್ಮೊಮ್ಮೆ ಕಪ್ಪಾಗುತ್ತದೆ, ಕೊನೆಗೆ ಚಿತ್ರವೇ ಬಾರದು. ದುಬಾರಿ ಎಚ್‌ಡಿಎಂಐ ಕೇಬಲ್‌ನಿಂದ ಬಣ್ಣ ಗಾಢವಾಗುತ್ತದೆ ಎಂಬ ಮಾತಿಗೆ ಆದ್ದರಿಂದಲೇ ಆಧಾರವಿಲ್ಲ. ಎಚ್‌ಡಿಎಂಐಯಲ್ಲಿ ಕಪ್ಪು ಬೂದುಬೂದಾಗಿ ಕಂಡರೆ ತಪ್ಪು ಕೇಬಲ್‌ನದಲ್ಲ. ಕಂಪ್ಯೂಟರ್ ಟಿವಿಯ ಲೆಕ್ಕದಲ್ಲಿ 16ರಿಂದ 235ರವರೆಗಿನ ಮಟ್ಟಗಳನ್ನಷ್ಟೇ ಕಳಿಸುತ್ತಿದೆ, ಮಾನಿಟರ್ 0ಯಿಂದ 255 ಎಂದುಕೊಂಡಿದೆ. ಗ್ರಾಫಿಕ್ಸ್ ಸೆಟ್ಟಿಂಗ್ಸ್‌ನಲ್ಲಿ ರೇಂಜ್ ಅನ್ನು ಫುಲ್ ಮಾಡಿದರೆ ಕಪ್ಪು ಕಪ್ಪಾಗಿಯೇ ಕಾಣುತ್ತದೆ.