ದಡದಲ್ಲಿ ನಿಂತವರಿಗೆ ಬಾಯ್ಲರಿನ ನೀರು ಕಾಣೋದಿಲ್ಲ

ಪುಣೆಯ ನಮ್ಮ ಸೊಸೈಟಿಯಲ್ಲಿ ಹುಬ್ಬಳ್ಳಿ ಕಡೆಯ ಕಾಕಾ ಒಬ್ಬರಿದ್ದಾರೆ. ಭಾನುವಾರ ಬೆಳಗ್ಗೆ ಈಜುಕೊಳ ಖಾಲಿ ಇರುವ ಹೊತ್ತು ನೋಡಿ ಉಗಿಯಿಂದ ಓಡುವ ತಮ್ಮ ಆಟಿಕೆ ದೋಣಿ ಇಳಿಸುತ್ತಾರೆ. ಮೊನ್ನೆ ದೋಣಿ ಆ ತುದಿಗೆ ಹೋದಾಗ, "ಕಾಕಾ, ಬಾಯ್ಲರಿನಾಗ ನೀರು ಎಷ್ಟದ?" ಅಂತ ಕೇಳಿದೆ. "ಅದ ಗೊತ್ತಾಗೂದಿಲ್ಲ ನೋಡಪಾ" ಅಂದರು.

ಉಗಿ ರೈಲಿನ ಡ್ರೈವರ್ ಕಣ್ಣೆದುರೇ ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆ ಇರುತ್ತಿತ್ತು. ದೋಣಿಯವರು ನಿಲ್ಲೋದು ದಡದಲ್ಲಿ. ನೀರು ಮುಗಿದರೂ ಬೆಂಕಿ ಉರಿಯುತ್ತಿದ್ದರೆ ಬಾಯ್ಲರಿನ ತಾಮ್ರ ಕಾಯುತ್ತದೆ, ಬೆಸುಗೆ ಬಿಡುತ್ತದೆ.

ದೊಡ್ಡ ಬಾಯ್ಲರುಗಳಿಗೂ ಈ ಕಾಟ ಇತ್ತು. ಒತ್ತಡ ಮಿತಿ ಮೀರಿದರೆ ತಾನೇ ತೆರೆದುಕೊಳ್ಳುವ ಸೇಫ್ಟಿ ವಾಲ್ವನ್ನು 1680ರ ಸುಮಾರಿಗೇ ಫ್ರೆಂಚ್ ವಿಜ್ಞಾನಿ ಡೆನಿಸ್ ಪಾಪಿನ್ ಮಾಡಿದ್ದ. ಆದರೆ ಅದಕ್ಕೆ ನೀರಿನ ಲೆಕ್ಕ ಗೊತ್ತಿಲ್ಲ. 1803ರಲ್ಲಿ ಗ್ರೀನಿಚ್‌ನಲ್ಲಿ ಇಂಗ್ಲೆಂಡಿನ ಇಂಜಿನಿಯರ್ ರಿಚರ್ಡ್ ಟ್ರೆವಿಥಿಕ್‌ನ ಬಾಯ್ಲರ್ ಸಿಡಿದು ನಾಲ್ವರು ಸತ್ತರು. ಆಮೇಲೆ ಅವನು ಬಾಯ್ಲರಿಗೆ ಸೀಸದ ಬಿರಡೆ ಹಾಕಿದ. ನೀರು ಇಳಿದರೆ ಸೀಸ ಕರಗಿ, ಆ ತೂತಿನಿಂದ ಉಗಿ ನುಗ್ಗಿ ಎಚ್ಚರಿಸುತ್ತಿತ್ತು.

ಆಟಿಕೆಯವರ ಉಪಾಯ ಇನ್ನೂ ಸರಳ. ಸ್ಪಿರಿಟ್ ದೀಪಕ್ಕೆ ಅಳತೆ ಮಾಡಿ ಸ್ಪಿರಿಟ್ ಹಾಕಿದರೆ ಆಯಿತು: ನೀರು ಮುಗಿಯುವ ಮುಂಚೆ ದೀಪವೇ ಆರುತ್ತದೆ. ನನ್ನ ಕೇಳಿದರೆ ಇದಕ್ಕಿಂತ ಜಾಣ ಕಂಟ್ರೋಲ್ ಇನ್ನೂ ಬಂದಿಲ್ಲ.

ಬ್ಯೂಟೇನ್ ಗ್ಯಾಸ್ ಬಂದ ಮೇಲೆ ತಲೆನೋವು ಜಾಸ್ತಿಯಾಯಿತು. ಗ್ಯಾಸ್ ಆವಿಯಾಗುತ್ತಾ ಹೋದ ಹಾಗೆ ಅದರ ಟ್ಯಾಂಕೇ ತಣ್ಣಗಾಗುತ್ತದೆ. ಪುಣೆಯ ಡಿಸೆಂಬರ್ ಬೆಳಗ್ಗೆ ಜ್ವಾಲೆ ಸೊರಗುತ್ತದೆ, ಮೇ ತಿಂಗಳಲ್ಲಿ ಭುಗಿಲೇಳುತ್ತದೆ. ಅದಕ್ಕೇ ಬಂತು ಒತ್ತಡ ನೋಡಿಕೊಂಡು ಗ್ಯಾಸ್ ಬಿಡುವ ವಾಲ್ವು. ಉಗಿಯ ಒತ್ತಡ ಏರಿದಾಗ ಒಳಗಿನ ತೆಳು ಪರದೆ ಉಬ್ಬಿ ಗ್ಯಾಸಿನ ದಾರಿ ಕಿರಿದು ಮಾಡುತ್ತದೆ, ಇಳಿದರೆ ಮತ್ತೆ ಬಿಡುತ್ತದೆ. ಕರೆಂಟೂ ಬೇಡ, ಬ್ಯಾಟರಿಯೂ ಬೇಡ.

ನೀರಿನ ಕೆಲಸವೇ ಕಷ್ಟ. ಇಂಜಿನ್ನಿನ ಜೊತೆಗೇ ತಿರುಗುವ ಪಂಪು ಸುಮ್ನೆ ನೀರು ತಳ್ಳುತ್ತಲೇ ಇರುತ್ತದೆ. ಅದನ್ನು ಬಾಯ್ಲರಿಗೆ ಕಳಿಸಬೇಕೋ, ತೊಟ್ಟಿಗೆ ವಾಪಸ್ ಬಿಡಬೇಕೋ ಅಂತ ಹೇಳೋರು ಬೇಕಲ್ವಾ? ಹಾಗಾಗಿ ಬಾಯ್ಲರಿನೊಳಗೆ ಒಂದು ಲೋಹದ ಕಡ್ಡಿ ಇಳಿಸುತ್ತಾರೆ. ನೀರು ಕಡ್ಡಿಗೆ ತಾಗಿದರೆ ಕರೆಂಟು ಹರಿಯುತ್ತದೆ, ಇಳಿದರೆ ನಿಲ್ಲುತ್ತದೆ, ಆಗ ಒಂದು ಪುಟ್ಟ ಮೋಟರು ವಾಲ್ವ್ ತಿರುಗಿಸುತ್ತದೆ. ದೋಣಿ ಓಲಾಡಿದಾಗಲೆಲ್ಲ ಗಲಿಬಿಲಿ ಆಗದಿರಲಿ ಅಂತ ಸರ್ಕ್ಯೂಟು ಕೆಲವು ಸೆಕೆಂಡು ಕಾದು ನೋಡುತ್ತದೆ.

ಕಾಕಾ ಇಲ್ಲೇ ಎಡವಿದ್ದು. ಬಾಯ್ಲರಿನಲ್ಲಿ ಸುಣ್ಣ ಕಟ್ಟಬಾರದು ಅಂತ ಬರೀ ಬ್ಯಾಟರಿ ನೀರು ತುಂಬಿದರು. ಅಷ್ಟು ಶುದ್ಧ ನೀರಿನಲ್ಲಿ ಕರೆಂಟು ಹರಿಯೋದೇ ಕಷ್ಟ. ಬಾಯ್ಲರ್ ಖಾಲಿ ಅಂದುಕೊಂಡ ಸರ್ಕ್ಯೂಟು ನೀರು ತುಂಬಿದ್ದೇ ತುಂಬಿದ್ದು, ಕೊನೆಗೆ ಸಿಲಿಂಡರಿಗೇ ನುಗ್ಗಿ ಇಂಜಿನ್ ಕಚ್ಚಿಕೊಂಡಿತು. ಈಗ ಸ್ವಲ್ಪ ನಲ್ಲಿ ನೀರು ಬೆರೆಸುತ್ತಾರೆ.

ಅಂದಹಾಗೆ, ನಮ್ಮ ಬಾಯ್ಲರ್ ಕಾನೂನು 25 ಲೀಟರಿಗಿಂತ ಚಿಕ್ಕ ಪಾತ್ರೆಯ ತಂಟೆಗೆ ಬರೋದಿಲ್ಲ. ಕಾಕಾನೇ ಇನ್‌ಸ್ಪೆಕ್ಟರ್. ಹೊಸ ಬಾಯ್ಲರಿಗೆ ತಣ್ಣೀರು ತುಂಬಿ, ಕೆಲಸದ ಒತ್ತಡದ ಎರಡರಷ್ಟು ಒತ್ತಿ ನೋಡಿದ ಮೇಲೇ ಬೆಂಕಿ ಹಚ್ಚಿದ್ದು.

ಇಷ್ಟೆಲ್ಲ ಕೂರಿಸಿಯೂ ಅವರು ಗ್ಯಾಸ್ ಟ್ಯಾಂಕು ಮಾತ್ರ ಚಿಕ್ಕದನ್ನೇ ಇಟ್ಟಿದ್ದಾರೆ, ಗ್ಯಾಸೇ ಮೊದಲು ಮುಗೀಲಿ ಅಂತ. ದೋಣಿ ಕೊಳದ ನಡುವೆ ನಿಂತರೆ ಮೊಮ್ಮಗ ಈಜಿ ಹೋಗಿ ತರುತ್ತಾನೆ.