ಅಮೆರಿಕದ ಲಾ ಮಾಸ್ಟರ್ಸ್: ಫೀಸ್ ಕಟ್ಟುವ ಮೊದಲು

"ಅಮೆರಿಕದಲ್ಲಿ ಲಾ ಮಾಸ್ಟರ್ಸ್ ಮಾಡಿದ್ರೆ ಅಲ್ಲೇ ವಕೀಲಿಕೆ ಮಾಡಬಹುದಲ್ವಾ ಸರ್?" ನನಗೆ ಫೋನ್ ಮಾಡುವವರಲ್ಲಿ ಬಹಳಷ್ಟು ಜನ ಇದನ್ನು ಕೇಳುವುದು ಫೀಸ್ ಕಟ್ಟಿದ ಮೇಲೆ. ಸಿಟ್ಟು ಬರುವುದೇ ಅಲ್ಲಿ.

ಅಲ್ಲಿ ಸನ್ನದು ಕೊಡುವುದು ಯೂನಿವರ್ಸಿಟಿ ಅಲ್ಲ, ಆಯಾ ರಾಜ್ಯ. ಸನ್ನದಿಗಾಗಿ ಬರೆಯಬೇಕಾದ ಬಾರ್ ಪರೀಕ್ಷೆಗೆ ಯಾರು ಕೂರಬಹುದು ಅಂತ ಹೇಳುವುದೂ ಆ ರಾಜ್ಯವೇ. ಅಡ್ಮಿಷನ್ ಆಫೀಸಿನವರು ಫೋನಿನಲ್ಲಿ ಏನೇ ಭರವಸೆ ಕೊಡಲಿ, ರಾಜ್ಯದ ನಿಯಮ ಒಪ್ಪದಿದ್ದರೆ ಮುಗೀತು.

ಎಂಎಲ್‌ಎಸ್, ಅಂದರೆ ಮಾಸ್ಟರ್ ಆಫ್ ಲೀಗಲ್ ಸ್ಟಡೀಸ್, ವಕೀಲರಾಗದವರಿಗೆ ಮಾಡಿದ ಕೋರ್ಸ್. ಎಚ್‌ಆರ್‌ನವರು, ಆಸ್ಪತ್ರೆ ಆಡಳಿತದವರು, ಕಾಂಟ್ರಾಕ್ಟ್ ನೋಡಿಕೊಳ್ಳುವವರು ಓದುತ್ತಾರೆ. ಒಳ್ಳೆಯ ಕೋರ್ಸೇ. ಆದರೆ ಅದನ್ನು ತೋರಿಸಿ ಬಾರ್ ಪರೀಕ್ಷೆಗೆ ಕೂರಲು ಆಗುವುದಿಲ್ಲ. ಎಲ್ಲಾ ವಿಷಯದಲ್ಲೂ ಎ ಗ್ರೇಡ್ ಬಂದರೂ ಆಗುವುದಿಲ್ಲ.

ಎಲ್‌ಎಲ್‌ಎಂ, ಅಂದರೆ ಮಾಸ್ಟರ್ ಆಫ್ ಲಾಸ್, ಬೇರೆ. ಅದು ಈಗಾಗಲೇ ಕಾನೂನು ಓದಿದವರಿಗೆ, ಸಾಮಾನ್ಯವಾಗಿ ಒಂದು ವರ್ಷ. ಅದರ ಮೇಲೆ ಬಾರ್ ಪರೀಕ್ಷೆಗೆ ಕೂರಲು ನ್ಯೂಯಾರ್ಕಿನ 520.6 ನಿಯಮ ಕನಿಷ್ಠ 24 ಕ್ರೆಡಿಟ್ ಕೇಳುತ್ತದೆ. ಅದರೊಳಗೆ ವೃತ್ತಿ ನೀತಿಗೆ 2, ಕಾನೂನು ಸಂಶೋಧನೆ ಮತ್ತು ಬರವಣಿಗೆಗೆ 2, ಅಮೆರಿಕದ ಕಾನೂನು ವ್ಯವಸ್ಥೆಗೆ 2, ಬಾರ್ ಪರೀಕ್ಷೆಯಲ್ಲಿ ಬರುವ ವಿಷಯಗಳಿಗೆ 6 ಇರಲೇಬೇಕು. ವರ್ಷವಿಡೀ ಬರೀ ಅಂತರರಾಷ್ಟ್ರೀಯ ಆರ್ಬಿಟ್ರೇಷನ್ ಓದಿ ಕುಳಿತವರಿಗೆ ಪದವಿ ಸಿಗುತ್ತದೆ, ಪರೀಕ್ಷೆಗೆ ಕೂರಲು ಅವಕಾಶ ಸಿಗುವುದಿಲ್ಲ.

ಇನ್ನೊಂದು ಮಾತು, ಇದನ್ನು ಯಾರೂ ಹೇಳುವುದಿಲ್ಲ. ನಮ್ಮದೂ ಕಾಮನ್ ಲಾ ದೇಶ, ಅಂದರೆ ಅಮೆರಿಕದ ಹಾಗೆಯೇ ಇಂಗ್ಲೆಂಡಿನ ಕಾನೂನು ಪದ್ಧತಿಯಿಂದ ಬಂದದ್ದು. ನಿಮ್ಮ ಎಲ್‌ಎಲ್‌ಬಿ ಅವಧಿಯಲ್ಲೂ ಪಠ್ಯದಲ್ಲೂ ಸರಿಹೊಂದುತ್ತದೆ ಅಂತ ನ್ಯೂಯಾರ್ಕ್ ಒಪ್ಪಿದರೆ ಎಲ್‌ಎಲ್‌ಎಂ ಬೇಕಾಗಿಯೇ ಇಲ್ಲದಿರಬಹುದು. ಕ್ಯಾಲಿಫೋರ್ನಿಯಾ ಬೇರೆ ದೇಶದಲ್ಲಿ ಸನ್ನದು ಪಡೆದ ವಕೀಲರಿಗೆ ಹೆಚ್ಚಿನ ಓದಿಲ್ಲದೆಯೂ ಪರೀಕ್ಷೆ ಬರೆಯಲು ಬಿಡುತ್ತದೆ. "ಬಹುದು" ಅಂತ ಬೇಕೆಂದೇ ಬರೆದಿದ್ದೇನೆ. ಒಬ್ಬೊಬ್ಬರ ಕಡತ ಒಂದೊಂದು ಥರ, ನಿಯಮಗಳೂ ಬದಲಾಗುತ್ತಿರುತ್ತವೆ.

ಧಾರವಾಡದಲ್ಲಿ ಸಿವಿಲ್ ಕೇಸು ನಡೆಸುತ್ತಿದ್ದ ವಕೀಲೆಯೊಬ್ಬರು ಗಂಡನ ಕೆಲಸದಿಂದಾಗಿ ನ್ಯೂಜೆರ್ಸಿಗೆ ಹೋದರು. ಸೀಟು ಸುಲಭವಾಗಿ ಸಿಕ್ಕಿತು ಅಂತ ಆನ್‌ಲೈನ್ ಎಂಎಲ್‌ಎಸ್ ಮುಗಿಸಿ, ಆಮೇಲೆ ನನಗೆ ಅಂಕಪಟ್ಟಿ ಕಳಿಸಿದರು. ಚಂದದ ಅಂಕಗಳು. "ಎರಡೂ ಮಾಸ್ಟರ್ಸೇ ಅಲ್ಲೇನ್ರಿ?" ಅಂದರು. ಅಲ್ಲ ಅಂತ ಹೇಳುವುದು ಕಷ್ಟವಾಯಿತು. ಅವರ ಹಳೇ ಸನ್ನದಿಗೆ ಇದ್ದ ಬೆಲೆ ಈ ಹೊಸ ಪದವಿಗೆ ಇರಲಿಲ್ಲ. "ಓದಿದ್ದು ಎಲ್ಲೂ ಹೋಗಂಗಿಲ್ಲ ಬಿಡ್ರಿ" ಅಂತ ನಕ್ಕರು. ಈಗ ಒಂದು ಕಂಪನಿಯಲ್ಲಿ ಕರಾರುಪತ್ರ ನೋಡಿಕೊಳ್ಳುತ್ತಿದ್ದಾರೆ. ಗಟ್ಟಿ ಹೆಂಗಸು.

ನ್ಯೂಯಾರ್ಕ್ ಮನಸ್ಸಿನಲ್ಲಿದ್ದರೆ, ಕಾಲೇಜು ಹುಡುಕುವ ಮೊದಲು ಅಲ್ಲಿನ ಬಾರ್ ಪರೀಕ್ಷಾ ಮಂಡಳಿಗೆ ಅರ್ಹತೆ ತಿಳಿಸಿ ಅಂತ ಅರ್ಜಿ ಹಾಕಿ. ಉತ್ತರ ಬರಲು ತಿಂಗಳುಗಳು ಬೇಕು. ಅಂಕಪಟ್ಟಿ ಯೂನಿವರ್ಸಿಟಿಯಿಂದಲೇ ನೇರವಾಗಿ ಹೋಗಬೇಕು, ನೀವು ಕಳಿಸಿದ್ದು ನಡೆಯುವುದಿಲ್ಲ. ನಮ್ಮ ಪರೀಕ್ಷಾ ವಿಭಾಗಗಳ ವೇಗ ನಿಮಗೇ ಗೊತ್ತಲ್ಲ. ಅಲ್ಲಿ ಪರಿಚಯದವರು ಯಾರಾದರೂ ಇದ್ದರೆ ಇವತ್ತೇ ಒಂದು ಫೋನ್ ಹಾಕಿ.