ಪಟ್ಟಿಯಲ್ಲಿಲ್ಲದ ಕಲ್ಲುಗಳು: ಊರೂರು ಸುತ್ತಿ ಪರಂಪರೆ ದಾಖಲಿಸಿದ ಕಥೆ

ಕೇಂದ್ರ ಸರ್ಕಾರದ ರಕ್ಷಣೆಯಲ್ಲಿದ್ದ 3,693 ಸ್ಮಾರಕಗಳಲ್ಲಿ 50 ಕಾಣೆಯಾಗಿವೆ ಎಂಬ ಸಂಗತಿ 2022ರ ಕೊನೆಯಲ್ಲಿ ಸಂಸದೀಯ ಸಮಿತಿಯೊಂದರ ವರದಿಯಿಂದ ಹೊರಬಿತ್ತು. 14 ಸ್ಮಾರಕಗಳನ್ನು ಬೆಳೆಯುವ ನಗರಗಳು ನುಂಗಿದ್ದವು. 12 ಜಲಾಶಯಗಳ ನೀರಿನಡಿ ಸೇರಿದ್ದವು. ಉಳಿದ 24 ಎಲ್ಲಿವೆ ಎಂಬುದೇ ಪತ್ತೆಯಾಗಲಿಲ್ಲ. ಇವೆಲ್ಲ ಕಾನೂನಿನ ಕಾವಲಿದ್ದ ಸ್ಮಾರಕಗಳು. ಯಾವ ಪಟ್ಟಿಗೂ ಸೇರದ ವೀರಗಲ್ಲು, ಹಾಳುಕೋಟೆ, ಕಲ್ಯಾಣಿ, ಬೂದಿದಿಬ್ಬಗಳಲ್ಲಿ ಎಷ್ಟು ಹೋದವು ಎಂದು ಕೇಳಿದರೆ ಉತ್ತರವಿಲ್ಲ. ಇದ್ದದ್ದೆಷ್ಟು ಎಂದು ಬರೆದಿಟ್ಟಿದ್ದರೆ ತಾನೇ ಹೋದದ್ದನ್ನು ಎಣಿಸಲಾಗುವುದು?

ಹಳೆಯ ಕಟ್ಟಡ, ಪುರಾತನ ನೆಲೆಗಳನ್ನು ದಾಖಲಿಸುವ ಕೆಲಸ ಮೊದಲಿನಿಂದಲೂ ಎರಡು ದಾರಿಗಳಲ್ಲಿ ಸಾಗಿದೆ. ಹೆಸರಾಂತ ಸ್ಮಾರಕಗಳನ್ನು ಆಯ್ದು ಪಟ್ಟಿ ಮಾಡುವುದು ಒಂದು. ಪ್ರದೇಶವೊಂದಕ್ಕೆ ಗಡಿ ಹಾಕಿಕೊಂಡು, ಅದರೊಳಗಿನ ಪ್ರತಿ ಊರು ಸುತ್ತಿ ಕಂಡದ್ದನ್ನೆಲ್ಲ ಬರೆಯುವುದು ಇನ್ನೊಂದು. ಸರ್ಕಾರಗಳಿಗೆ ಹಿಡಿಸುವುದು ಮೊದಲನೆಯದು, ಏಕೆಂದರೆ ಅದು ಬೇಗ ಮುಗಿಯುತ್ತದೆ, ಖರ್ಚೂ ಕಡಿಮೆ. ಎರಡನೆಯದು ದುಬಾರಿ, ನಿಧಾನ, ಅರ್ಧಕ್ಕೇ ನಿಂತುಹೋಗುವುದೂ ಉಂಟು. ಆದರೂ ನಾಡೊಂದರ ಚರಿತ್ರೆಯನ್ನು ಉಳಿಸಿಕೊಟ್ಟಿರುವುದು ಹೆಚ್ಚಾಗಿ ಈ ನಿಧಾನದ ಕೆಲಸವೇ ಎಂಬುದು ನನ್ನ ದೃಢ ನಂಬಿಕೆ.

ಸ್ವೀಡನ್ ಇದನ್ನು 17ನೇ ಶತಮಾನದಲ್ಲೇ ಮಾಡಿ ನೋಡಿತು. ಪ್ರಾಚೀನ ಸ್ಮಾರಕಗಳ ರಕ್ಷಣೆಗೆ 1666ರಲ್ಲಿ ರಾಜಾಜ್ಞೆ ಹೊರಟಿತು. ಮರುವರ್ಷದಿಂದ 1684ರವರೆಗೆ ಊರೂರಿನ ಪಾದ್ರಿಗಳು ತಮ್ಮ ಪ್ಯಾರಿಷ್‌ನ, ಅಂದರೆ ಒಂದು ಚರ್ಚಿಗೆ ಸೇರಿದ ಪ್ರದೇಶದ, ರೂನ್ ಎಂಬ ಹಳೆಯ ಲಿಪಿಯ ಶಾಸನ, ಸಮಾಧಿ ದಿಬ್ಬಗಳ ವಿವರ ಬರೆದು ಕಳಿಸಿದರು, ಜನ ಹೇಳುತ್ತಿದ್ದ ಕಥೆಗಳನ್ನೂ ಸೇರಿಸಿದರು. ಕೆಲವರು ಪುಟಗಟ್ಟಲೆ ಬರೆದರೆ ಕೆಲವರು ನಾಲ್ಕು ಸಾಲಿನಲ್ಲಿ ಮುಗಿಸಿದರು. ನೋಡುವವರು ಬದಲಾದಂತೆ ದಾಖಲೆಯ ತೂಕವೂ ಬದಲಾಗುವ ಈ ತೊಡಕು ಇಂದಿಗೂ ಬಗೆಹರಿದಿಲ್ಲ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯ ಸರ್ವೆ ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿ ಕಾಲಿನ್ ಮೆಕೆಂಜಿಯವರ ಪಾಲಿಗೆ ಬಂತು. ಗೆದ್ದ ನೆಲದ ಗಡಿ ಮತ್ತು ಆದಾಯ ತಿಳಿಯುವುದು ಕಂಪನಿಯ ಉದ್ದೇಶ. ಮೆಕೆಂಜಿ ನಕಾಶೆಯಷ್ಟಕ್ಕೆ ನಿಲ್ಲದೆ ಶಾಸನ, ಕೈಫಿಯತ್ತು (ಊರಿನ ಚರಿತ್ರೆಯ ಬರಹ), ಓಲೆಗರಿ, ನಾಣ್ಯ, ಚಿತ್ರಗಳನ್ನು ಕೂಡಿಹಾಕುತ್ತ ಹೋದರು. ಅವರಿಗೆ ನಮ್ಮ ಭಾಷೆಗಳು ಬರುತ್ತಿರಲಿಲ್ಲ. ಊರುಗಳನ್ನು ಸುತ್ತಿದವರು, ಹಿರಿಯರನ್ನು ಮಾತಾಡಿಸಿದವರು, ಹಳಗನ್ನಡದ ಸಾಲುಗಳನ್ನು ಬಿಡಿಸಿದವರು ಕಾವಲಿ ವೆಂಕಟ ಬೊರ್ರಯ್ಯ, 1803ರಲ್ಲಿ ಅವರು ತೀರಿಕೊಂಡ ಮೇಲೆ ಅವರ ತಮ್ಮ ಲಕ್ಷ್ಮಯ್ಯ, ಜೈನ ಪಂಡಿತ ಧರ್ಮಯ್ಯ ಮೊದಲಾದವರು. ಎಂಟು ಸಾವಿರಕ್ಕೂ ಹೆಚ್ಚು ಶಾಸನಗಳ ಪ್ರತಿ ಹೀಗೆ ಕೂಡಿಬಂತು. ಸಂಗ್ರಹಕ್ಕೆ ಮೆಕೆಂಜಿಯವರ ಹೆಸರು ಅಂಟಿಕೊಂಡಿದೆ. ಅದರ ಕಣ್ಣು ಕಿವಿಗಳಾಗಿದ್ದವರ ಹೆಸರುಗಳನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕು.

ಕೃಷ್ಣಾ ತೀರದ ಅಮರಾವತಿಯ ಸ್ತೂಪವನ್ನು ಮೆಕೆಂಜಿ 1790ರ ದಶಕದ ಕೊನೆಯಲ್ಲಿ ಮೊದಲ ಬಾರಿ ನೋಡಿದಾಗಲೇ ಅದರ ಕಲ್ಲುಗಳನ್ನು ಕಟ್ಟಡಗಳಿಗಾಗಿ ಕೀಳುತ್ತಿದ್ದರು. 1816ರಲ್ಲಿ ಮರಳಿ ಹೋದಾಗ ಸ್ತೂಪದ ನಡುಭಾಗ ಕೆರೆಗೆಂದು ತೋಡಿದ ಗುಂಡಿಯಾಗಿತ್ತು. ಅವರ ತಂಡ ಉಳಿದ ಫಲಕಗಳನ್ನು ಒಂದೊಂದಾಗಿ ಚಿತ್ರಿಸಿತು. ಮುಂದೆ ಆ ಫಲಕಗಳಲ್ಲೂ ಹಲವು ಹಾಳಾದವು. ಅವು ಹೇಗಿದ್ದವು ಎಂದು ಇಂದು ತಿಳಿದಿರುವುದು ಆ ಚಿತ್ರಗಳಿಂದ ಮಾತ್ರ. ದಾಖಲೆ ಕಲ್ಲನ್ನು ಉಳಿಸಲಿಲ್ಲ, ಕಲ್ಲು ಹೇಳುತ್ತಿದ್ದುದರಲ್ಲಿ ಒಂದಿಷ್ಟನ್ನು ಉಳಿಸಿತು.

19ನೇ ಶತಮಾನ ಆಯ್ಕೆಯ ಕಾಲ. ಫ್ರಾನ್ಸ್ 1840ರಲ್ಲಿ ಸುಮಾರು ಸಾವಿರ ಸ್ಮಾರಕಗಳ ಪಟ್ಟಿ ಮಾಡಿತು. ಬ್ರಿಟನ್ನಿನ 1882ರ ಕಾಯ್ದೆಯ ಅನುಬಂಧದಲ್ಲಿ ನೂರು ಹೆಸರೂ ಇರಲಿಲ್ಲ. ಭಾರತದಲ್ಲಿ 1861ರಲ್ಲಿ ಪುರಾತತ್ತ್ವ ಸರ್ವೇಯರ್ ಆದ ಅಲೆಕ್ಸಾಂಡರ್ ಕನಿಂಗ್‌ಹ್ಯಾಂ ಚೀನೀ ಯಾತ್ರಿಕ ಹ್ಯುಯೆನ್‌ತ್ಸಾಂಗ್ ನಡೆದ ದಾರಿ ಹಿಡಿದರು. ಬೌದ್ಧ ನೆಲೆಗಳು ಒಂದರ ಹಿಂದೊಂದು ಸಿಕ್ಕವು, ಅದು ದೊಡ್ಡ ಸಾಧನೆಯೇ. ಆದರೆ ದಾರಿ ಹಿಡಿದು ಹೋದವರಿಗೆ ದಾರಿಯ ಆಸುಪಾಸು ಕಾಣುತ್ತದೆ, ನಾಡು ಕಾಣುವುದಿಲ್ಲ.

ನಾಡನ್ನೇ ಹಿಡಿದವರು ಶಾಸನತಜ್ಞ ಬಿ.ಎಲ್. ರೈಸ್. 1885ರ ಹೊತ್ತಿಗೆ ಮೈಸೂರು ಸಂಸ್ಥಾನದಲ್ಲಿ ಪುರಾತತ್ತ್ವ ಇಲಾಖೆ ಆರಂಭವಾಯಿತು. ಮುಂದಿನ ಎರಡು ದಶಕಗಳಲ್ಲಿ ರೈಸ್ ಮತ್ತು ಅವರ ಪಂಡಿತರ ತಂಡ ಎಂಟು ಸಾವಿರದ ಎಂಟುನೂರಕ್ಕೂ ಹೆಚ್ಚು ಶಾಸನಗಳನ್ನು 12 ಸಂಪುಟಗಳಲ್ಲಿ ಅಚ್ಚು ಹಾಕಿಸಿತು. ಎಣಿಕೆಗಿಂತ ನನಗೆ ಮುಖ್ಯವಾಗಿ ಕಾಣುವುದು ಜೋಡಣೆ. ರಾಜವಂಶ ಅಥವಾ ಕಾಲಮಾನ ಹಿಡಿದು ಜೋಡಿಸದೆ ಜಿಲ್ಲೆ, ತಾಲ್ಲೂಕು, ಊರು ಎಂದು ಇಳಿಯುತ್ತ ಹೋಗಿದ್ದಾರೆ. ಹಾಗಾಗಿಯೇ ಸಂಶೋಧಕರು ಇಂದಿಗೂ ಶಿಕಾರಿಪುರದ ಇಷ್ಟನೆಯ ಶಾಸನ, ಸೊರಬದ ಇಷ್ಟನೆಯ ಶಾಸನ ಎಂದೇ ಗುರುತು ಹೇಳುತ್ತಾರೆ. ಚಕ್ರವರ್ತಿಯ ದತ್ತಿಯ ಪಕ್ಕದಲ್ಲೇ ದನ ಬಿಡಿಸಲು ಹೋಗಿ ಸತ್ತವನ ಎರಡು ಸಾಲಿನ ವೀರಗಲ್ಲಿಗೂ ಅಲ್ಲಿ ಸಮಾನ ಅಂಕಿ ಸಿಕ್ಕಿದೆ.

ಇಷ್ಟಾದರೂ ತಪ್ಪಿಸಿಕೊಂಡದ್ದಿತ್ತು. ಬೇಲೂರು ತಾಲ್ಲೂಕನ್ನೊಳಗೊಂಡ ಹಾಸನ ಜಿಲ್ಲೆಯ ಸಂಪುಟ ಬಂದದ್ದು 1902ರಲ್ಲಿ. ಅದೇ ತಾಲ್ಲೂಕಿನ ಹಲ್ಮಿಡಿಯ ಶಾಸನ ಬೆಳಕಿಗೆ ಬಂದದ್ದು 1936ರಲ್ಲಿ, ಎಂ.ಎಚ್. ಕೃಷ್ಣ ಅವರು ಇಲಾಖೆಯ ನಿರ್ದೇಶಕರಾಗಿದ್ದಾಗ. ಸಂಪುಟ ಅಚ್ಚಾಯಿತು, ಇನ್ನು ಬೇಲೂರು ಮುಗಿಯಿತು ಎಂದು ಇಲಾಖೆ ಸುಮ್ಮನಾಗಿದ್ದರೆ ಕನ್ನಡದ ಚರಿತ್ರೆಯ ಮೊದಲ ಪುಟವೇ ಬೇರೆಯಾಗಿರುತ್ತಿತ್ತು.

ಇಂಗ್ಲೆಂಡಿನಲ್ಲಿ ಈ ಕೆಲಸಕ್ಕೆ ಚುರುಕು ಬಂದದ್ದು ಒಂದು ನಷ್ಟದಿಂದ. ಲಂಡನ್ನಿನ ಪೂರ್ವ ಭಾಗದ ಬ್ರಾಮ್ಲಿ-ಬೈ-ಬೋ ಎಂಬಲ್ಲಿದ್ದ, 17ನೇ ಶತಮಾನದ ಆರಂಭದ ಭವ್ಯ ಕಟ್ಟಡವೊಂದನ್ನು 1893ರಲ್ಲಿ ಶಾಲೆಗಾಗಿ ಕೆಡವಿದರು. ಒಂದು ಕೊಠಡಿಯ ಮರದ ಕೆತ್ತನೆ ವಸ್ತುಸಂಗ್ರಹಾಲಯ ಸೇರಿತು, ಉಳಿದದ್ದು ಹೋಯಿತು. ವಾಸ್ತುಶಿಲ್ಪಿ ಸಿ.ಆರ್. ಆ್ಯಶ್‌ಬಿ ಮರುವರ್ಷವೇ ಆಸಕ್ತರನ್ನು ಕೂಡಿಸಿಕೊಂಡು ಪ್ಯಾರಿಷ್‌ವಾರು ಲಂಡನ್ ಸಮೀಕ್ಷೆ ಆರಂಭಿಸಿದರು. ಅದು ಇವತ್ತಿಗೂ ನಡೆಯುತ್ತಿದೆ. 1908ರಲ್ಲಿ ಸ್ಕಾಟ್ಲೆಂಡ್, ವೇಲ್ಸ್, ಇಂಗ್ಲೆಂಡ್‌ಗಳಿಗೆ ಒಂದೊಂದು ರಾಯಲ್ ಕಮಿಷನ್ (ರಾಜಾಜ್ಞೆಯ ಆಯೋಗ) ನೇಮಕವಾಗಿ ಕೌಂಟಿವಾರು, ಅಂದರೆ ಜಿಲ್ಲಾವಾರು, ಸಂಪುಟಗಳು ಬರತೊಡಗಿದವು. ಇಂಗ್ಲೆಂಡಿನ ಕಮಿಷನ್ 1700ನೇ ಇಸವಿಯನ್ನು ಗೆರೆಯಾಗಿ ಎಳೆದುಕೊಂಡಿತ್ತು. ಅದಾದ ಮೇಲೆ ಕಟ್ಟಿದ ಮನೆ ಎಷ್ಟೇ ಚೆನ್ನಾಗಿದ್ದರೂ ಲೆಕ್ಕಕ್ಕಿಲ್ಲ. ಗೆರೆ ಮುಂದೆ 1714ಕ್ಕೆ, ಆಮೇಲೆ 1850ಕ್ಕೆ ಸರಿಯಿತು. ಅಷ್ಟರಲ್ಲಿ ಹಳೆಯ ಸಂಪುಟಗಳ ಊರುಗಳಲ್ಲಿ 18ನೇ ಶತಮಾನದ ಕಟ್ಟಡಗಳು ಬರಹಕ್ಕೆ ಸಿಗದೆ ಬಿದ್ದುಹೋಗಿದ್ದವು. ಯಾವುದು ಹಳೆಯದು ಎಂಬ ತೀರ್ಮಾನ ಪ್ರತಿ ತಲೆಮಾರಿಗೂ ಬದಲಾಗುತ್ತದೆ ಎಂಬುದನ್ನು ಸಮೀಕ್ಷೆ ರೂಪಿಸುವವರು ಮರೆಯಬಾರದು. 1980ರ ದಶಕದಲ್ಲಿ ಕೌಂಟಿ ಸಂಪುಟಗಳ ಯೋಜನೆ ನಿಂತಾಗ ಎಷ್ಟೋ ಕೌಂಟಿಗಳ ಕೆಲಸ ಶುರುವೇ ಆಗಿರಲಿಲ್ಲ.

ಸಂಕಟದ ಕಾಲದಲ್ಲಿ ಕೆಲಸ ಓಡಿದ್ದೂ ಇದೆ. ಅಮೆರಿಕ 1933ರಲ್ಲಿ, ಮಹಾ ಆರ್ಥಿಕ ಕುಸಿತದ ನಡುವೆ, ಕೆಲಸವಿಲ್ಲದ ವಾಸ್ತುಶಿಲ್ಪಿಗಳನ್ನು ಹಳೆಯ ಕಟ್ಟಡಗಳ ಅಳತೆ ತೆಗೆಯಲು ನೇಮಿಸಿತು. ಬ್ರಿಟನ್ 1941ರಲ್ಲಿ ಬಾಂಬು ಬೀಳುತ್ತಿದ್ದಂತೆಯೇ ಕಟ್ಟಡಗಳ ಫೋಟೊ ಸಂಗ್ರಹಕ್ಕೆ ಇಳಿಯಿತು. ಫ್ರಾನ್ಸ್ 1964ರಲ್ಲಿ ಪಟ್ಟಿಯ ಜೊತೆಗೆ ಪ್ರದೇಶವಾರು ಸಮಗ್ರ ಸಮೀಕ್ಷೆಯನ್ನೂ ಆರಂಭಿಸಿತು. ಚಮಚದಿಂದ ಕೆಥೆಡ್ರಲ್‌ವರೆಗೆ ಎಲ್ಲವನ್ನೂ ಬರೆಯಬೇಕೆಂಬುದು ಅದರ ಹಂಬಲ.

ನೆಲದಡಿಯ ನೆಲೆಗಳ ಕಥೆ ಸ್ವಲ್ಪ ಬೇರೆ. 1946ರಲ್ಲಿ ಪೆರುವಿನ ವಿರು ಕಣಿವೆಯಲ್ಲಿ ಪುರಾತತ್ತ್ವಜ್ಞ ಗೋರ್ಡನ್ ವಿಲ್ಲಿ ಒಂದೇ ದೊಡ್ಡ ನೆಲೆಯನ್ನು ಅಗೆಯುವ ಬದಲು ಇಡೀ ಕಣಿವೆಯ ವಸತಿಗಳನ್ನು ಗುರುತಿಸಿದರು. ಜನ ಎಲ್ಲಿ ನೆಲೆಸಿದರು, ಎಲ್ಲಿಂದ ಎದ್ದುಹೋದರು, ನೀರಿಗೂ ಅಧಿಕಾರಕ್ಕೂ ಏನು ನಂಟು ಎಂಬ ಪ್ರಶ್ನೆಗಳಿಗೆ ಇಂಥ ನಕ್ಷೆಯಿಂದಲೇ ಉತ್ತರ. ಆಮೇಲೆ ಕೆಲಸಗಾರರು ಸಾಲಾಗಿ, ಸಮ ಅಂತರದಲ್ಲಿ ಹೊಲ ದಾಟುತ್ತ ಮಡಕೆ ಚೂರು, ಕಲ್ಲಿನ ಉಪಕರಣ ಹುಡುಕುವುದು ರೂಢಿಯಾಯಿತು. ಉತ್ತ ಹೊಲದಲ್ಲಿ ಕಂಡದ್ದು ಪೈರು ನಿಂತಾಗ ಕಾಣುವುದಿಲ್ಲ, ನದಿಯ ಮೆಕ್ಕಲಿನಡಿ ಹೂತದ್ದು ಯಾವ ಋತುವಿನಲ್ಲೂ ಕಾಣುವುದಿಲ್ಲ. ಗ್ವಾಟೆಮಾಲಾದ ಕಾಡಿನ ಮೇಲೆ ವಿಮಾನದಿಂದ ಲೇಸರ್ ಹಾಯಿಸಿ, ಸುಮಾರು 2,100 ಚದರ ಕಿಲೋಮೀಟರ್ ಪ್ರದೇಶದಲ್ಲಿ 60,000ಕ್ಕೂ ಹೆಚ್ಚು ಮಾಯಾ ರಚನೆಗಳನ್ನು ಗುರುತಿಸಿದ ಸುದ್ದಿ 2018ರಲ್ಲಿ ಬಂತು. ಪರಿಣತರು ದಶಕಗಳಿಂದ ಓಡಾಡಿದ್ದ, ಮಾಯಾ ಜನರ ಹಳೆಯ ನಗರ ಟಿಕಾಲ್ ಸುತ್ತಮುತ್ತಲೂ ಹೊಸ ಗುರುತುಗಳು ಸಿಕ್ಕವು. ಆದರೂ ಯಾವ ಉಬ್ಬು ಮನೆ, ಯಾವುದು ಬರೀ ಕಲ್ಲುರಾಶಿ ಎಂದು ತಿಳಿಯಲು ಕಾಲ್ನಡಿಗೆಯೇ ಬೇಕು.

ಬರೆದದ್ದು ಕಪಾಟಿನಲ್ಲಿ ಕೂತರೆ ಬುಲ್ಡೋಜರ್ ನಿಲ್ಲುವುದಿಲ್ಲ. 1960ರ ದಶಕದಿಂದ ಇಂಗ್ಲೆಂಡಿನ ಕೌಂಟಿಗಳು ಕಾರ್ಡುಗಳಲ್ಲಿ, ಆಮೇಲೆ ಕಂಪ್ಯೂಟರಿನಲ್ಲಿ ನೆಲೆಗಳ ದಾಖಲೆ ಇಟ್ಟು, ರಸ್ತೆ ಅಥವಾ ಬಡಾವಣೆಗೆ ಅನುಮತಿ ಕೊಡುವ ಮುನ್ನ ಅದನ್ನು ತೆರೆದು ನೋಡುವ ಪದ್ಧತಿ ಬೆಳೆಸಿದವು. ಆ ದಾಖಲೆಯ ನಿರ್ವಹಣೆ ಸ್ಥಳೀಯ ಆಡಳಿತದ ಹೊಣೆ ಎಂದು ಹೇಳುವ ಕಾಯ್ದೆ ಬಂದದ್ದು ಮಾತ್ರ 2023ರಲ್ಲಿ. ಭಾರತದಲ್ಲಿ ಸ್ಮಾರಕ ಮತ್ತು ಪುರಾವಸ್ತುಗಳ ರಾಷ್ಟ್ರೀಯ ಮಿಷನ್ 2007ರಿಂದ ಇದೆ. ಅದಿದ್ದರಷ್ಟೇ ಸಾಲದು. ನೀರಾವರಿ, ಗಣಿ, ಹೆದ್ದಾರಿಯ ಕಡತಗಳು ತಯಾರಾಗುವ ಕಚೇರಿಯಲ್ಲಿ ಗ್ರಾಮವಾರು ದಾಖಲೆಯೂ ಅದೇ ಮೇಜಿನ ಮೇಲೆ ತೆರೆದಿರಬೇಕು. ಅದರಲ್ಲಿ ನೆಲೆಯ ಸರ್ವೆ ನಂಬರ್, ಅಕ್ಷಾಂಶ ರೇಖಾಂಶ, ಇಂದಿನ ಸ್ಥಿತಿ, ನೋಡಿದವರ ಹೆಸರು, ನೋಡಿದ ದಿನ ಇರಬೇಕು. ಏನೂ ಸಿಗದ ಊರಿನ ಮುಂದೆ ಜಾಗ ಖಾಲಿ ಬಿಡದೆ, ಇಂಥ ದಿನ ಹುಡುಕಿದೆವು, ಏನೂ ಕಾಣಲಿಲ್ಲ ಎಂದು ಬರೆಯಬೇಕು. ಎರಡನೆಯ ಸಲ ಹೋಗುವವರು ಎಲ್ಲಿಂದ ಶುರು ಮಾಡಬೇಕೆಂದು ತಿಳಿಯುವುದು ಆ ಸಾಲಿನಿಂದ.